ಮಿದುಳಿನ ಗಡಿ ಕಾಯುವ ವಂಶವಾಹಿಗಳು

ಅಲರ್ಜಿಗೆಂದು ಹಳೆಯ ಕಾಲದ ಏವಿಲ್ ಮಾತ್ರೆ ನುಂಗಿದವರಿಗೆ ಕಣ್ಣು ಎಳೆಯುತ್ತದೆ. ಅದೇ ತೊಂದರೆಗೆ ಫೆಕ್ಸೊಫೆನಡಿನ್ ತೆಗೆದುಕೊಂಡವರು ಸಾಮಾನ್ಯವಾಗಿ ಅಂತಹ ಮಂಪರಿಲ್ಲದೆ ದಿನದ ಕೆಲಸ ಮುಗಿಸುತ್ತಾರೆ. ದೇಹದಲ್ಲಿ ಎರಡೂ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದು ರಕ್ತದಿಂದ ಮಿದುಳಿನೊಳಕ್ಕೆ ನುಸುಳುತ್ತದೆ. ಎರಡನೆಯದನ್ನು ಪಿ-ಗ್ಲೈಕೊಪ್ರೋಟೀನ್ ಎಂಬ ಪ್ರೋಟೀನು ಹೊಸ್ತಿಲಲ್ಲೇ ಹಿಂದಕ್ಕೆ ತಳ್ಳುತ್ತದೆ. ಆ ಪ್ರೋಟೀನನ್ನು ತಯಾರಿಸುವ ಆದೇಶವಿರುವುದು 7ನೇ ವರ್ಣತಂತುವಿನಲ್ಲಿರುವ ಎಬಿಸಿಬಿ1 ಎಂಬ ವಂಶವಾಹಿಯಲ್ಲಿ.

ಮಿದುಳಿಗೆ ಇಂತಹದೊಂದು ಗಡಿಯಿದೆ ಎಂಬ ಸುಳಿವು ದೊರೆತು ಶತಮಾನಕ್ಕೂ ಹೆಚ್ಚು ಕಾಲವಾಯಿತು. ಜರ್ಮನಿಯ ಪಾಲ್ ಎರ್ಲಿಷ್ 1885ರಲ್ಲಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಉಳಿದೆಲ್ಲ ಅಂಗಗಳಿಗೂ ಬಣ್ಣ ಹಿಡಿಯಿತು, ಮಿದುಳಿಗೆ ಮಾತ್ರ ಹಿಡಿಯಲಿಲ್ಲ. ಮಿದುಳಿಗೆ ಆ ಬಣ್ಣವನ್ನು ಹೀರುವ ಗುಣವಿಲ್ಲ ಎಂದು ಅವರು ಭಾವಿಸಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಅದನ್ನು ತಿರುವುಮುರುವು ಮಾಡಿ ನೋಡಿದರು. ಮಿದುಳನ್ನು ಸುತ್ತುವರಿದ ದ್ರವಕ್ಕೇ ಬಣ್ಣ ಬಿಟ್ಟಾಗ ಮಿದುಳು ನೀಲಿಯಾಯಿತು, ದೇಹದ ಉಳಿದ ಭಾಗಕ್ಕೆ ಬಣ್ಣ ತಾಗಲಿಲ್ಲ. ನಡುವೆ ತಡೆಯೊಂದಿದೆ ಎಂಬುದು ಇದರಿಂದ ಖಚಿತವಾಯಿತು. ಅದು ನಿಖರವಾಗಿ ಎಲ್ಲಿದೆ ಎಂದು ತೋರಿಸಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರಬೇಕಾಯಿತು. 1967ರಲ್ಲಿ ಅಮೆರಿಕದ ಥಾಮಸ್ ರೀಸ್ ಮತ್ತು ಮಾರಿಸ್ ಕರ್ನೋವ್‌ಸ್ಕಿ, ಮಿದುಳಿನ ಲೋಮನಾಳಗಳ ಒಳಪದರದ ಕೋಶಗಳು ಒಂದಕ್ಕೊಂದು ಸಂದಿಯಿಲ್ಲದಂತೆ ಬಿಗಿದುಕೊಂಡಿರುವುದನ್ನು ಕಂಡರು.

ಎರಡು ಗಡಿಗಳು

ವಾಸ್ತವದಲ್ಲಿ ಗಡಿ ಒಂದೇ ಅಲ್ಲ. ಲೋಮನಾಳಗಳಲ್ಲಿರುವುದು ರಕ್ತ ಮತ್ತು ಮಿದುಳಿನ ನಡುವಿನ ತಡೆ. ಇನ್ನೊಂದು ರಕ್ತ ಮತ್ತು ಮಿದುಳು ದ್ರವದ ನಡುವಿನದು. ಮಿದುಳಿನ ಒಳಗಿನ ಕುಹರಗಳಲ್ಲಿ ಕೋರಾಯ್ಡ್ ಪ್ಲೆಕ್ಸಸ್ ಎಂಬ ಕುಚ್ಚಿನಂತಹ ಅಂಗಾಂಶವಿದೆ. ವಯಸ್ಕರಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಉತ್ಪತ್ತಿಯಾಗುತ್ತದೆ. ಅದರ ಬಹುಪಾಲನ್ನು ತಯಾರಿಸುವುದು ಈ ಅಂಗಾಂಶವೇ. ಒಂದು ಸಮಯದಲ್ಲಿ ತಲೆ ಮತ್ತು ಬೆನ್ನುಹುರಿಯ ಸುತ್ತ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಅಂದರೆ ದಿನಕ್ಕೆ ಮೂರು-ನಾಲ್ಕು ಬಾರಿ ಹಳೆಯದು ಹೋಗಿ ಹೊಸದು ಬರುತ್ತದೆ. ಸುಮಾರು 1,400 ಗ್ರಾಂ ತೂಗುವ ಮಿದುಳು ಈ ದ್ರವದಲ್ಲಿ ತೇಲುವುದರಿಂದ ಅದರ ಭಾರ 50 ಗ್ರಾಂನಷ್ಟಕ್ಕೆ ಇಳಿಯುತ್ತದೆ. ವಿಚಿತ್ರವೆಂದರೆ ಕೋರಾಯ್ಡ್ ಪ್ಲೆಕ್ಸಸ್‌ನ ರಕ್ತನಾಳಗಳಲ್ಲಿ ಆ ಬಿಗಿತವಿಲ್ಲ, ಅವು ಸೋರುತ್ತವೆ. ಅಲ್ಲಿ ತಡೆಯ ಹೊಣೆ ಹೊತ್ತಿರುವುದು ಅವುಗಳನ್ನು ಹೊದ್ದಿರುವ ಕೋಶಗಳ ಪದರ.

ಎರಡೂ ಕಡೆ ಕೋಶಗಳನ್ನು ಬೆಸೆಯುವ ಪ್ರೋಟೀನುಗಳಲ್ಲಿ ಪ್ರಮುಖವಾದುದು ಕ್ಲಾಡಿನ್ ಕುಟುಂಬ. ಇದನ್ನು 1998ರಲ್ಲಿ ಗುರುತಿಸಿದವರು ಜಪಾನಿನ ಮಿಕಿಯೊ ಫುರುಸೆ ಮತ್ತು ಶೋಯಿಚಿರೊ ಸುಕಿತಾ. ಲೋಮನಾಳಗಳಲ್ಲಿ ಕ್ಲಾಡಿನ್-5 ಮುಖ್ಯ. ಆ ಒಂದು ವಂಶವಾಹಿಯನ್ನು ತೆಗೆದುಹಾಕಿದ ಇಲಿಮರಿಗಳು ಹುಟ್ಟಿದ 10 ಗಂಟೆಯೊಳಗೆ ಸಾವನ್ನಪ್ಪಿದವು ಎಂದು 2003ರಲ್ಲಿ ವರದಿಯಾಯಿತು. ಅವುಗಳ ರಕ್ತನಾಳ ಒಡೆದಿರಲಿಲ್ಲ, ಮಿದುಳಿನಲ್ಲಿ ರಕ್ತಸ್ರಾವವೂ ಆಗಿರಲಿಲ್ಲ. ಸಣ್ಣ ಅಣುಗಳು ಮಾತ್ರ ಒಳಕ್ಕೆ ಸೋರತೊಡಗಿದ್ದವು, ದೊಡ್ಡವು ಸೋರುತ್ತಿರಲಿಲ್ಲ.

ಈ ಬಿಗಿತ ರಕ್ತನಾಳದ ಹುಟ್ಟುಗುಣವೇ? ಅಲ್ಲ ಎಂಬುದಕ್ಕೆ 1981ರ ಒಂದು ಪ್ರಯೋಗ ಸಾಕ್ಷಿ. ಕ್ವೇಲ್ ಹಕ್ಕಿಯ ಭ್ರೂಣದ ಮಿದುಳಿನ ತುಣುಕನ್ನು ಕೋಳಿ ಭ್ರೂಣದ ಹೊಟ್ಟೆಯಲ್ಲಿ ನೆಟ್ಟಾಗ, ಅದರೊಳಕ್ಕೆ ಬೆಳೆದ ಕೋಳಿಯ ಹೊಟ್ಟೆಯ ರಕ್ತನಾಳಗಳೇ ಮಿದುಳಿನ ರಕ್ತನಾಳಗಳಂತೆ ಬಿಗಿದುಕೊಂಡವು. ಸುತ್ತಲಿನ ಮಿದುಳಿನ ಕೋಶಗಳು ಕಳಿಸುವ ಸಂದೇಶವೇ ಇದಕ್ಕೆ ಕಾರಣ. ಡಬ್ಲ್ಯುಎನ್‌ಟಿ7ಎ ಮತ್ತು 7ಬಿ ಎಂಬ ವಂಶವಾಹಿಗಳ ಪ್ರೋಟೀನುಗಳು ಅಂತಹ ಸಂದೇಶವಾಹಕಗಳೆಂದು 2008ರಲ್ಲಿ ತಿಳಿದುಬಂತು. ಪ್ರಾಯಕ್ಕೆ ಬಂದ ಇಲಿಗಳಲ್ಲಿಯೂ ಈ ಸಂಕೇತದ ಸರಪಳಿಯನ್ನು ಕಡಿದರೆ ತಡೆ ಸಡಿಲಗೊಳ್ಳುತ್ತದೆ. ತಡೆಗೋಡೆ ಎಂದಾಗ ಒಮ್ಮೆ ಕಟ್ಟಿ ಬಿಟ್ಟ ಗೋಡೆಯ ಚಿತ್ರ ಮನಸ್ಸಿಗೆ ಬರುವುದು ಸಹಜ. ಆದರೆ ಇದು ಜೀವನಪರ್ಯಂತ ದುರಸ್ತಿ ನಡೆಯುತ್ತಲೇ ಇರಬೇಕಾದ ವ್ಯವಸ್ಥೆ.

ಔಷಧ ಸಿಂಪಡಿಸಿದ ಮೇಲೆ ಸತ್ತ ಇಲಿಗಳು

ಆರಂಭದಲ್ಲಿ ಹೇಳಿದ ಪಿ-ಗ್ಲೈಕೊಪ್ರೋಟೀನ್ ಮಿದುಳಿಗೆ ಎಷ್ಟು ಅಗತ್ಯ ಎಂಬುದು ಬೆಳಕಿಗೆ ಬಂದುದು ಅನಿರೀಕ್ಷಿತವಾಗಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಲ್ಫ್ರೆಡ್ ಸ್ಕಿಂಕೆಲ್ ಮತ್ತು ಸಂಗಡಿಗರು ಅದರ ವಂಶವಾಹಿಯಿಲ್ಲದ ಇಲಿಗಳನ್ನು ಸಾಕಿದ್ದರು. ಅವು ಆರೋಗ್ಯವಾಗಿಯೇ ಇದ್ದವು. ಗೂಡುಗಳಲ್ಲಿ ನುಸಿ ಕಾಣಿಸಿಕೊಂಡಾಗ, ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಮನೆಮಾತಾದ ಐವರ್ಮೆಕ್ಟಿನ್ ಔಷಧವನ್ನು ಅವುಗಳ ಮೇಲೆ ಸಿಂಪಡಿಸಲಾಯಿತು. ವಂಶವಾಹಿಯಿಲ್ಲದ ಇಲಿಗಳು ಸತ್ತುಬಿದ್ದವು, ಉಳಿದವಕ್ಕೆ ಏನೂ ಆಗಲಿಲ್ಲ. ಸಾಮಾನ್ಯ ಇಲಿಗಿಂತ ಅವು ಆ ಔಷಧಕ್ಕೆ ಸುಮಾರು 100 ಪಟ್ಟು ಹೆಚ್ಚು ಸೂಕ್ಷ್ಮವಾಗಿದ್ದವು ಎಂದು 1994ರಲ್ಲಿ ಪ್ರಕಟವಾಯಿತು. ಕೋಲಿ ತಳಿಯ ಹಲವು ನಾಯಿಗಳಿಗೆ ಐವರ್ಮೆಕ್ಟಿನ್ ಏಕೆ ವಿಷವಾಗುತ್ತದೆ ಎಂಬ ಪಶುವೈದ್ಯರ ಹಳೆಯ ಪ್ರಶ್ನೆಗೂ 2001ರಲ್ಲಿ ಇದೇ ಉತ್ತರ ದೊರೆಯಿತು. ಅವುಗಳಲ್ಲಿ ಈ ವಂಶವಾಹಿಯ ನಾಲ್ಕು ಅಕ್ಷರಗಳು ಅಳಿಸಿಹೋಗಿವೆ.

ಹೊರಗೆ ತಳ್ಳುವುದರಷ್ಟೇ ಒಳಗೆ ಕರೆತರುವುದೂ ಮುಖ್ಯ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು ಶಕ್ತಿಯಲ್ಲಿ ಶೇ 20ರಷ್ಟನ್ನು ಬಳಸುತ್ತದೆ. ಬೇಕಾದ ಗ್ಲೂಕೋಸನ್ನು ಗಡಿ ದಾಟಿಸುವುದು ಗ್ಲೂಟ್1 ಎಂಬ ಪ್ರೋಟೀನು. ಇದರ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಮಗುವಿಗೆ ಕಷ್ಟ. ಶೈಶವದಲ್ಲೇ ಮೂರ್ಛೆ ಶುರುವಾಗುತ್ತದೆ, ಬೆಳವಣಿಗೆ ಹಿಂದುಳಿಯುತ್ತದೆ, ನಡಿಗೆ ತೊಡರುತ್ತದೆ. ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಸರಿಯಾಗಿಯೇ ಇರುತ್ತದೆ, ಮೋಸವಿರುವುದು ಇಲ್ಲಿಯೇ. ಬೆನ್ನಿನಿಂದ ನೀರು ತೆಗೆದು ನೋಡಿದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ. ಆರೋಗ್ಯವಂತರಲ್ಲಿ ಆ ದ್ರವದ ಸಕ್ಕರೆ ರಕ್ತದಲ್ಲಿರುವುದರ ಮೂರನೇ ಎರಡರಷ್ಟಿದ್ದರೆ, ಈ ಮಕ್ಕಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತಲೂ ಕಡಿಮೆ. ಮಿದುಳು ಪೊರೆಯ ಸೋಂಕಿನಲ್ಲೂ ಸಕ್ಕರೆ ಇಳಿಯುವುದುಂಟು, ಆದರೆ ಇಲ್ಲಿ ಸೋಂಕಿನ ಕುರುಹು ಇರುವುದಿಲ್ಲ.

ಡ್ಯಾರಿಲ್ ಡಿ ವಿವೋ ಮತ್ತು ಸಂಗಡಿಗರು ಇಂತಹ ಇಬ್ಬರು ಮಕ್ಕಳ ವಿವರವನ್ನು 1991ರಲ್ಲಿ ಪ್ರಕಟಿಸಿದರು. ವಂಶವಾಹಿಯ ದೋಷ 1998ರಲ್ಲಿ ಪತ್ತೆಯಾಯಿತು. ಬಹುಪಾಲು ಪ್ರಕರಣಗಳಲ್ಲಿ ಈ ದೋಷ ತಂದೆತಾಯಿಗಳಲ್ಲಿ ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಉಂಟಾಗಿರುತ್ತದೆ. ಆದ್ದರಿಂದ 'ನಮ್ಮ ವಂಶದಲ್ಲಿ ಯಾರಿಗೂ ಇಲ್ಲ' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಇಷ್ಟೊಂದು ವಿವರಿಸಲು ಕಾರಣವಿದೆ: ಈ ಕಾಯಿಲೆಗೆ ಮಾರ್ಗೋಪಾಯವುಂಟು. ಕೊಬ್ಬು ಹೆಚ್ಚು, ಪಿಷ್ಟ ತೀರ ಕಡಿಮೆ ಇರುವ ಕೀಟೋಜೆನಿಕ್ ಆಹಾರ ಕೊಟ್ಟರೆ ದೇಹ ಕೀಟೋನುಗಳನ್ನು ತಯಾರಿಸುತ್ತದೆ. ಅವು ಮತ್ತೊಂದು ಬಾಗಿಲಿನಿಂದ ಮಿದುಳನ್ನು ಪ್ರವೇಶಿಸಿ ಇಂಧನವಾಗುತ್ತವೆ. ಅನೇಕ ಮಕ್ಕಳಲ್ಲಿ ಮೂರ್ಛೆ ಹತೋಟಿಗೆ ಬರುತ್ತದೆ. ಈ ಪಥ್ಯ ನಡೆಯಬೇಕಾದುದು ವೈದ್ಯರ ನಿಗಾದಲ್ಲಿ ಮಾತ್ರ. ಮೂರ್ಛೆಗೆ ಸಾಮಾನ್ಯವಾಗಿ ಕೊಡುವ ಫಿನೋಬಾರ್ಬಿಟೋನ್ ಔಷಧವಾದರೋ ಗ್ಲೂಟ್1ರ ಕೆಲಸವನ್ನು ಮತ್ತಷ್ಟು ಕುಗ್ಗಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಕಾಯಿಲೆಯನ್ನು ಬೇಗ ಗುರುತಿಸುವುದಕ್ಕೆ ಮಹತ್ವ ಬಂದಿರುವುದು ಇದರಿಂದಲೇ.

ಇನ್ನೊಂದು ವಂಶವಾಹಿಯ ಕಥೆ ಕರ್ನಾಟಕದ ಓದುಗರಿಗೂ ಸಂಬಂಧಿಸಿದ್ದು. ಮೀನಿನೆಣ್ಣೆಯಲ್ಲಿ ಹೇರಳವಾಗಿರುವ ಡಿಎಚ್ಎ ಎಂಬ ಕೊಬ್ಬಿನಾಮ್ಲವನ್ನು ಮಿದುಳಿಗೆ ಸಾಗಿಸುವುದು ಎಂಎಫ್‌ಎಸ್‌ಡಿ2ಎ. ರಕ್ತನಾಳದ ಕೋಶಗಳೊಳಗೆ ಗುಳ್ಳೆಗಳ ಮೂಲಕ ವಸ್ತುಗಳು ತೂರಿಹೋಗದಂತೆ ತಡೆಯುವ ಕೆಲಸವೂ ಅದರದ್ದೇ. ಈ ಎರಡನ್ನೂ 2014ರಲ್ಲಿ ಸಿಂಗಪುರ ಮತ್ತು ಹಾರ್ವರ್ಡ್‌ನ ತಂಡಗಳು ತೋರಿಸಿಕೊಟ್ಟವು. ಮರುವರ್ಷವೇ ಲಿಬಿಯಾ, ಈಜಿಪ್ಟ್ ಮತ್ತು ಪಾಕಿಸ್ತಾನ ಮೂಲದ ಕುಟುಂಬಗಳಲ್ಲಿ ಇದರ ದೋಷದಿಂದ ತಲೆ ಚಿಕ್ಕದಾಗಿ ಹುಟ್ಟಿದ ಮಕ್ಕಳು ಪತ್ತೆಯಾದರು. ದೋಷವುಳ್ಳ ಪ್ರತಿ ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ತೋರುವ ಕಾಯಿಲೆಯಿದು. ರಕ್ತಸಂಬಂಧದಲ್ಲಿ ಮದುವೆಯಾದಾಗ ಅಂತಹ ಸಂಭವ ಹೆಚ್ಚು. ಸೋದರಮಾವ-ಸೊಸೆ, ಅತ್ತೆಯ ಮಗ-ಮಾವನ ಮಗಳ ಮದುವೆಗಳು ನಮ್ಮ ರಾಜ್ಯದಲ್ಲಿ ಇಂದಿಗೂ ನಿಂತಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಇವೆಲ್ಲ ಅಪರೂಪದ ಕಾಯಿಲೆಗಳಾದವು. ಹೆಚ್ಚು ಜನರಿಗೆ ತಟ್ಟುವಂತಹದು ಎಪಿಒಇ4. ಅಲ್ಜೈಮರ್ ಕಾಯಿಲೆಯ ಸಂಭವವನ್ನು ಹೆಚ್ಚಿಸುವ ವಂಶವಾಹಿ ರೂಪವಿದು. ಇದನ್ನು ಹೊಂದಿದವರ ಮಿದುಳಿನಲ್ಲಿ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗದ ತಡೆ, ಮರೆವು ಕಾಣಿಸಿಕೊಳ್ಳುವ ಮೊದಲೇ ಸೋರಲಾರಂಭಿಸುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಆದರೆ ಎಪಿಒಇ4 ಇದ್ದ ಮಾತ್ರಕ್ಕೆ ಕಾಯಿಲೆ ಬಂದೇ ತೀರುತ್ತದೆ ಎಂದಲ್ಲ; ಅದಿಲ್ಲದವರಿಗೂ ಬರುವುದುಂಟು. ಆದ್ದರಿಂದ ಲಕ್ಷಣಗಳೇ ಇಲ್ಲದವರು ಕೇವಲ ಕುತೂಹಲಕ್ಕೆ ಈ ವಂಶವಾಹಿ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ವೈದ್ಯರು ಸಾಮಾನ್ಯವಾಗಿ ಪ್ರೋತ್ಸಾಹಿಸುವುದಿಲ್ಲ.