ಡೆರಿ ಡೈರಿ – ಭಾಗ 7: ಬೀಗದ ಕೈ ಇದ್ದವರಿಗೆ ಮತ

ಕಳೆದ ಭಾಗ ಓದಿ ಹಲವರು ಕೇಳಿದ್ದಿರಿ: "ಅಲ್ಲಿ ಗಲಾಟೆ ಶುರುವಾಗಿದ್ದು ಧರ್ಮಕ್ಕೇ ಅಲ್ವಾ ಸಿಸ್ಟರ್?" ಉತ್ತರ ಐರ್ಲೆಂಡಿಗೆ ಬರುವಾಗ ನಾನೂ ಹಾಗೇ ಅಂದುಕೊಂಡಿದ್ದೆ. ಕ್ಯಾಥೊಲಿಕರು ಒಂದು ಕಡೆ, ಪ್ರೊಟೆಸ್ಟೆಂಟರು ಇನ್ನೊಂದು ಕಡೆ, ಅಷ್ಟೇ ಕಥೆ ಅಂತ. ನನ್ನ ಕಣ್ಣು ತೆರೆಸಿದ್ದು ಒಂದು ನೈಟ್ ಡ್ಯೂಟಿ.

ಆ ವಾರ ನನಗೆ ಮೊದಲ ಸಲ ಮತದಾನದ ಕಾರ್ಡ್ ಬಂದಿತ್ತು. ಕಾಮನ್‌ವೆಲ್ತ್ ದೇಶದವರು ಕಾನೂನುಬದ್ಧವಾಗಿ ಇಲ್ಲಿ ನೆಲೆಸಿದ್ದರೆ, ಪಾಸ್‌ಪೋರ್ಟ್ ಭಾರತದ್ದೇ ಆದರೂ, ಹೆಸರು ನೋಂದಾಯಿಸಿ ಮತ ಹಾಕಬಹುದು. ನಿದ್ದೆ ಬಾರದ ಒಬ್ಬ ಅಜ್ಜನ ಹತ್ತಿರ ಮಾತಾಡುತ್ತಾ, "ಹೋಗಲ್ಲ ಬಿಡಿ, ಯಾರು ಗೆದ್ದರೂ ನಮಗೇನು?" ಅಂದೆ. ಎಂಬತ್ತು ದಾಟಿದ ಮನುಷ್ಯ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಇಪ್ಪತ್ತೊಂದು ತುಂಬಿದಾಗ ನಾನು ದುಡಿಯುತ್ತಿದ್ದೆ, ತೆರಿಗೆ ಕಟ್ಟುತ್ತಿದ್ದೆ. ಆದರೆ ಈ ಊರಿನ ಕೌನ್ಸಿಲ್‌ಗೆ ನನಗೆ ಮತ ಇರಲಿಲ್ಲ. ಮನೆ ಅಪ್ಪನ ಹೆಸರಿನಲ್ಲಿತ್ತು."

ಮನೆಗೆ ಬಂದು ಹುಡುಕಿ ಓದಿದೆ. ಅಜ್ಜ ಹೇಳಿದ್ದು ಅಕ್ಷರಶಃ ನಿಜ.

ಪಾರ್ಲಿಮೆಂಟ್ ಚುನಾವಣೆಯಲ್ಲಿ ಎಲ್ಲ ವಯಸ್ಕರಿಗೂ ಮತವಿತ್ತು. ಆದರೆ ಸ್ಥಳೀಯ ಕೌನ್ಸಿಲ್ ಚುನಾವಣೆಯಲ್ಲಿ ಮನೆಯ ಯಜಮಾನ ಅಥವಾ ಬಾಡಿಗೆದಾರ, ಮತ್ತು ಅವರ ಗಂಡ/ಹೆಂಡತಿಗೆ ಮಾತ್ರ. ಅದೇ ಸೂರಿನಡಿ ಇರುವ ದೊಡ್ಡ ಮಕ್ಕಳಿಗೆ, ರೂಮು ಬಾಡಿಗೆ ಹಿಡಿದವರಿಗೆ ಇಲ್ಲ. ಇಂಗ್ಲೆಂಡ್ ಈ ನಿಯಮವನ್ನು ಎರಡನೇ ಮಹಾಯುದ್ಧದ ನಂತರ ಬಿಟ್ಟಿತು. ಇಲ್ಲಿನ ಸರ್ಕಾರ ಬಿಡಲಿಲ್ಲ. ಕಂಪನಿಗಳಿಗೆ ಮಾತ್ರ ಎಲ್ಲಿಲ್ಲದ ಔದಾರ್ಯ: ಒಂದು ಲಿಮಿಟೆಡ್ ಕಂಪನಿ ತನ್ನ ಆಸ್ತಿಯ ಮೌಲ್ಯಕ್ಕೆ ತಕ್ಕಂತೆ ಆರು ಮಂದಿಯವರೆಗೆ ಮತದಾರರನ್ನು ನೇಮಿಸಬಹುದಿತ್ತು! ಬಡ ಪ್ರೊಟೆಸ್ಟೆಂಟರೂ ಇದರಿಂದ ಮತ ಕಳೆದುಕೊಂಡಿದ್ದರು, ಇದನ್ನು ಮರೆಯಬಾರದು. ಆದರೆ ಹೆಚ್ಚು ಪೆಟ್ಟು ಬಿದ್ದದ್ದು ಕ್ಯಾಥೊಲಿಕರಿಗೆ.

ಇನ್ನು ನಮ್ಮ ಡೆರಿಯ ಲೆಕ್ಕ ನೋಡಿ. 1967ರಲ್ಲಿ ಕೌನ್ಸಿಲ್‌ಗೆ ಮತ ಹಾಕಬಹುದಾಗಿದ್ದ ಕ್ಯಾಥೊಲಿಕರು 14,429, ಉಳಿದವರು 8,781. ಊರನ್ನು ಮೂರು ವಾರ್ಡ್ ಮಾಡಿದ್ದರು. ಬಾಗ್‌ಸೈಡ್, ಕ್ರೆಗ್ಗನ್ ಇರುವ ಸೌತ್ ವಾರ್ಡಿನಲ್ಲಿ 10,047 ಕ್ಯಾಥೊಲಿಕ್ ಮತದಾರರು, ಅಲ್ಲಿಗೆ 8 ಸ್ಥಾನ. ಉಳಿದ ಎರಡು ವಾರ್ಡುಗಳಲ್ಲಿ ಯೂನಿಯನಿಸ್ಟರಿಗೆ ಗೆಲ್ಲುವಷ್ಟು ಮತ, ಅಲ್ಲಿಗೆ 12 ಸ್ಥಾನ. ನೂರಕ್ಕೆ 62 ಮತದಾರರಿದ್ದರೂ ಕೌನ್ಸಿಲ್‌ನಲ್ಲಿ 8–12ರ ಸೋಲು, ಪ್ರತಿ ಸಲವೂ. ಪೆಟ್ಟಿಗೆ ಕದಿಯುವ, ಕಳ್ಳಮತ ಹಾಕುವ ಅಗತ್ಯವೇ ಇರಲಿಲ್ಲ. ಗೆರೆ ಎಳೆದಿದ್ದೇ ಸಾಕಾಗಿತ್ತು.

ಗಂಟು ಇರುವುದು ಇಲ್ಲೇ. ಸರ್ಕಾರಿ ಬಾಡಿಗೆ ಮನೆ ಹಂಚುವವರು ಕೌನ್ಸಿಲ್‌ನವರು. ಮನೆ ಕೊಟ್ಟರೆ ಮತ ಕೊಟ್ಟ ಹಾಗೆ. ಬೇರೆ ವಾರ್ಡಿನಲ್ಲಿ ಕ್ಯಾಥೊಲಿಕರಿಗೆ ಮನೆ ಕೊಟ್ಟರೆ ಅಲ್ಲಿನ ಬಹುಮತವೇ ಅಲುಗಾಡುತ್ತದೆ. ಹಾಗಾಗಿ ಸೌತ್ ವಾರ್ಡಿನಲ್ಲೇ ತುರುಕುತ್ತಾ ಹೋದರು, ಜಾಗ ಸಾಲದಾದಾಗ ಜನ ಕಾಯುತ್ತಾ ಕೂತರು. "ಒಂದು ಕೋಣೆಯಲ್ಲಿ ಆರು ಜನ ಮಲಗುತ್ತಿದ್ದೆವು" ಎಂದಿದ್ದರು ಅಜ್ಜ.

ಜೂನ್ 1968ರಲ್ಲಿ ಟೈರೋನ್ ಕೌಂಟಿಯ ಕ್ಯಾಲಿಡನ್ ಎಂಬ ಹಳ್ಳಿಯಲ್ಲಿ, ಮಕ್ಕಳೊಂದಿಗರು ಕಾಯುತ್ತಿರುವಾಗಲೇ ಮದುವೆಯಾಗದ 19ರ ಹುಡುಗಿಯೊಬ್ಬಳಿಗೆ ಮನೆ ಕೊಟ್ಟರು. ಶಾಸಕ ಆಸ್ಟಿನ್ ಕರ್ರಿ ಅದೇ ಮನೆಗೆ ನುಗ್ಗಿ ಕೂತು ಪ್ರತಿಭಟಿಸಿದರು. ಅಕ್ಟೋಬರ್ 5ರಂದು ಡೆರಿಯ ಡ್ಯೂಕ್ ಸ್ಟ್ರೀಟಿನಲ್ಲಿ, ನಿಷೇಧ ಮೀರಿ ಮೆರವಣಿಗೆ ಹೊರಟಿತು. ಪೊಲೀಸರು ಲಾಠಿ ಬೀಸಿದರು. ಟಿವಿ ಕ್ಯಾಮೆರಾ ಅದನ್ನು ಸೆರೆಹಿಡಿದು ಜಗತ್ತಿಗೆ ತೋರಿಸಿತು.

ನವೆಂಬರ್‌ನಲ್ಲಿ ಸರ್ಕಾರ ಡೆರಿಯ ಕೌನ್ಸಿಲ್ ಬದಲಿಗೆ ಆಯೋಗವೊಂದನ್ನು ತರುವುದಾಗಿಯೂ ಕಂಪನಿ ಮತ ತೆಗೆಯುವುದಾಗಿಯೂ ಘೋಷಿಸಿತು. 1969ರಲ್ಲಿ ಎಲ್ಲ ವಯಸ್ಕರಿಗೂ ಸ್ಥಳೀಯ ಮತ ಬಂತು. 1971ರಲ್ಲಿ ಮನೆ ಹಂಚುವ ಕೆಲಸ ಕೌನ್ಸಿಲ್‌ಗಳ ಕೈ ತಪ್ಪಿ ಬೇರೆ ಸಂಸ್ಥೆಗೆ ಹೋಯಿತು. ಕೇಳಿದ್ದು ಸಿಕ್ಕಿತು, ನಿಜ. ಆದರೆ ಅಷ್ಟರಲ್ಲಿ ಬೀದಿಗೆ ಬೆಂಕಿ ಬಿದ್ದಾಗಿತ್ತು. ಮುಂದಿನ ಮೂರು ದಶಕಗಳಲ್ಲಿ ಸುಮಾರು 3,500 ಜನ ಸತ್ತರು. ಎಲ್ಲದಕ್ಕೂ ಈ ಮತದ ನಿಯಮವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಇಪ್ಪತ್ತು ವರ್ಷ ಮೊದಲೇ, ಯಾರೂ ಕೇಳುವ ಮೊದಲೇ ಕೊಟ್ಟಿದ್ದರೆ? ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ನನಗೆ ನನ್ನಜ್ಜಿ ನೆನಪಾದಳು. ಶಿವಮೊಗ್ಗದ ಕಡೆಯವಳು, ಅವಳ ಹೆಸರಿನಲ್ಲಿ ಒಂದು ಎಮ್ಮೆಯೂ ಇರಲಿಲ್ಲ, ಓದು ಬರಹವೂ ಇರಲಿಲ್ಲ. 1952ರಲ್ಲಿ ಚಿತ್ರ ಅಂಟಿಸಿದ ಪೆಟ್ಟಿಗೆ ನೋಡಿ ಚೀಟಿ ಹಾಕಿ ಬಂದಿದ್ದಳು. "ಗೌಡರಿಗೂ ಒಂದೇ, ನನಗೂ ಒಂದೇ" ಅಂತ ಸಾಯುವವರೆಗೂ ಹೇಳುತ್ತಿದ್ದಳು. ಅವಳಿಗೆ ಕೇಳದೇ ಸಿಕ್ಕಿದ್ದನ್ನು, ನನ್ನ ಪೇಷಂಟ್ ಲಾಠಿ ಏಟು ತಿಂದು ಪಡೆದಿದ್ದರು.

ಆ ಗುರುವಾರ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ ಮತಗಟ್ಟೆಗೆ ಹೋದೆ. ನಮ್ಮ ವಾರ್ಡಿನ ಕನ್ನಡದ ಹುಡುಗಿಯರು "ಯಾರು ಬಂದರೂ ಬಾಡಿಗೆ ಇಳಿಯಲ್ಲ ಅಕ್ಕಾ" ಅನ್ನುತ್ತಾರೆ. ಅವರ ಸಿಟ್ಟು ಸುಳ್ಳಲ್ಲ, ಬಾಡಿಗೆ ನಿಜಕ್ಕೂ ಇಳಿದಿಲ್ಲ. ಆದರೂ ನೋಂದಣಿ ಫಾರ್ಮ್ ತುಂಬಲು ಅವರ ಪಕ್ಕ ಕೂರುತ್ತೇನೆ. ಇಲ್ಲಿರುವ ನೀವೂ ತುಂಬಿ. ಸಹಾಯ ಬೇಕಾದರೆ ಮೆಸೇಜ್ ಮಾಡಿ.

ಮುಂದಿನ ಭಾಗದಲ್ಲಿ ಬಾಗ್‌ಸೈಡಿನ ಗೋಡೆಚಿತ್ರಗಳ ಕಥೆ.