ನೆಲನೆಲ್ಲಿಯ ನಿಜನಾಮ

ಕಾಮಾಲೆಗೆ ನೆಲನೆಲ್ಲಿಯನ್ನು ಅರೆದು ಕುಡಿಸುವುದು ನಮ್ಮಲ್ಲಿ ಹಳೆಯ ರೂಢಿ. ಜೀವಶಾಸ್ತ್ರ ಬೋಧಿಸುತ್ತಿದ್ದ ಕಾಲದಲ್ಲಿ ನಾನು ಮಕ್ಕಳಿಂದ ಆ ಗಿಡವನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಕೆಳಗೆ ‘ಫಿಲ್ಲಾಂಥಸ್ ನಿರುರಿ’ ಎಂದು ಬರೆಸುತ್ತಿದ್ದೆ. ಪುಸ್ತಕಗಳಲ್ಲಿಯೂ ಹಾಗೆಯೇ ಇತ್ತು.

1753ರಲ್ಲಿ ಲಿನೇಯಸ್ ಇಟ್ಟ ಆ ಹೆಸರು ವಾಸ್ತವವಾಗಿ ಅಮೆರಿಕಾ ಖಂಡದ ಸಸ್ಯಕ್ಕೆ ಸಲ್ಲುವಂಥದು. ಭಾರತದಲ್ಲಿ ಆ ಹೆಸರಿನಡಿ ಅಮಾರಸ್, ಫ್ರಟರ್ನಸ್, ಡೆಬಿಲಿಸ್ ಎಂಬ ಮೂರು ಪ್ರಭೇದಗಳು ಬೆರೆತಿವೆಯೆಂದು ಮಿತ್ರ ಮತ್ತು ಜೈನ್ ಎಂಬ ಸಸ್ಯಶಾಸ್ತ್ರಜ್ಞರು 1985ರ ಲೇಖನದಲ್ಲಿ ತೋರಿಸಿದರು.

ಭೂತಗನ್ನಡಿ ಹಿಡಿದು ಎಲೆಯಡಿಯ ಹೂವನ್ನು ನೋಡಿದರೆ ಭೇದ ತಿಳಿಯುತ್ತದೆ. ಅಮಾರಸ್‌ಗೆ ಸಾಮಾನ್ಯವಾಗಿ ಐದು ಎಸಳು, ಫ್ರಟರ್ನಸ್‌ಗೆ ಆರು. ಕಾಯಿಯ ಮೈ ಉಬ್ಬುಬ್ಬಾಗಿ ಒರಟಾಗಿದ್ದರೆ ಅದು ಇವಾವುದೂ ಅಲ್ಲ, ಯೂರಿನೇರಿಯಾ.

ಇದು ಬರಿಯ ಹೆಸರಿನ ಚರ್ಚೆಯಲ್ಲ. 1988ರಲ್ಲಿ ಮದರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವಾಹಕರಿಗೆ ಅಮಾರಸ್ ಕೊಟ್ಟು ಆಶಾದಾಯಕ ಫಲ ಕಂಡರು. ಮುಂದಿನ ಹಲವು ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಕೊಟ್ಟ ಗಿಡ ಯಾವುದೆಂಬುದೇ ಅನಿಶ್ಚಿತವಾದರೆ ಇಂಥ ಫಲಗಳನ್ನು ತೂಗಿ ನೋಡುವುದೆಂತು?

ಅಂದಿನ ಮಕ್ಕಳೇ, ನಿಮ್ಮ ಹಳೆಯ ಹಾಳೆ ಉಳಿದಿದ್ದರೆ ದಯವಿಟ್ಟು ಎಸಳುಗಳನ್ನು ಎಣಿಸಿ, ನಾನು ಬರೆಸಿದ ಹೆಸರನ್ನು ತಿದ್ದಿಕೊಳ್ಳಿರಿ.