ಫ್ಲೌಟೋ? ಫ್ಲಾಂಟೋ?

ಕೆಲವು ತಿಂಗಳ ಹಿಂದಿನ ಮಾತು. ರಾತ್ರಿ ಹನ್ನೊಂದಕ್ಕೆ ಸರ್ವರ್ ಬಿದ್ದಾಗ ನಮ್ಮ ಟೀಮಿನ ಹೊಸ ಹುಡುಗನೊಬ್ಬ ಯಾರ ಅಪ್ರೂವಲ್ಲೂ ಇಲ್ಲದೆ ಫಿಕ್ಸ್ ಹಾಕಿಬಿಟ್ಟ. ಮರುದಿನ ಸಿಟ್ಟಿನಲ್ಲಿ ನಾನು ಮೇಲಿನವರಿಗೊಂದು ಮೇಲ್ ಬರೆದೆ, ಇವನು ರೂಲ್ಸನ್ನು 'ಫ್ಲಾಂಟ್' ಮಾಡಿದ್ದಾನೆ ಅಂತ. ಮ್ಯಾನೇಜರ್ ಕರೆದು, "ಅದು ಫ್ಲಾಂಟ್ ಅಲ್ಲ ಮಾರಾಯ, ಫ್ಲೌಟ್" ಅಂದ್ರು. ನಾಚಿಕೆಯಾಯ್ತು. ಸಂಜೆ ಡಿಕ್ಷನರಿ ಹಿಡಿದು ಕೂತೆ. ಸಿಕ್ಕಿದ್ದು ಒಳ್ಳೇ ಕಥೆ!

ಎರಡೂ ಪದ ಇಂಗ್ಲೀಷಿನಲ್ಲಿ ಕಾಣಿಸಿಕೊಂಡಿದ್ದು 16ನೇ ಶತಮಾನದಲ್ಲಿ. ಫ್ಲಾಂಟ್ ಅಂದ್ರೆ ಮೆರೆಯುವುದು, ಇದ್ದದ್ದನ್ನು ನಾಲ್ಕು ಜನರಿಗೆ ಕಾಣುವಂತೆ ಆಡಿಸುವುದು. ಹೊಸ ಒಡವೆಯನ್ನು ಫ್ಲಾಂಟ್ ಮಾಡಬಹುದು, ರೂಲ್ಸನ್ನಲ್ಲ. ಫ್ಲೌಟ್ ಮಾತ್ರ ಬಹುಶಃ ಕೊಳಲಿನ ಮನೆಯಿಂದ ಬಂದದ್ದು. ಕೊಳಲೂದು ಎಂಬರ್ಥದ ಹಳೆಯ ಇಂಗ್ಲೀಷ್ ಪದವೇ ಇದರ ಮೂಲ ಅನ್ನುತ್ತಾರೆ. ಡಚ್ ಭಾಷೆಯ ಇದರ ನೆಂಟ ಪದಕ್ಕೂ ಕೊಳಲೂದು, ಸಿಳ್ಳೆ ಹಾಕು ಎಂಬ ಅರ್ಥಗಳಿವೆ. ಸಿಳ್ಳೆ ಹಾಕಿ ಗೇಲಿ ಮಾಡುವುದು ನಮಗೇನು ಹೊಸದೇ? :)

ಹಾಗಾಗಿ ಮೊದಲು ಫ್ಲೌಟ್ ಆಗುತ್ತಿದ್ದದ್ದು ಕಾನೂನಲ್ಲ, ಮನುಷ್ಯರು. ಶೇಕ್ಸ್‌ಪಿಯರನ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕದಲ್ಲಿ ಹೆಲೆನಾ, ನನ್ನ ಕೊರತೆಯನ್ನು ಹಂಗಿಸುತ್ತೀಯಾ ಎಂದು ಲೈಸಾಂಡರನಿಗೆ ಹೇಳುವಾಗ ಬಳಸುವುದು ಇದೇ ಪದ. ಆಮೇಲೆ ಆ ಗೇಲಿ ಮನುಷ್ಯರಿಂದ ಕಾನೂನಿನ ಕಡೆಗೆ ತಿರುಗಿತು.

ಎರಡು ಪದಗಳ ಸದ್ದೂ ಹತ್ತಿರ, ಎರಡನ್ನೂ ಮಾಡುವುದು ಎಲ್ಲರೆದುರಿಗೇ. ಗೊಂದಲಕ್ಕೆ ಇನ್ನೇನು ಬೇಕು? 1979ರ ಡಿಸೆಂಬರಿನಲ್ಲಿ, ಟೆಹ್ರಾನಿನ ಒತ್ತೆಯಾಳುಗಳ ಬಿಕ್ಕಟ್ಟಿನ ಹೊತ್ತಿನಲ್ಲಿ, ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕೂಡ ಇರಾನ್ ಜಗತ್ತಿನ ಕಾನೂನನ್ನು ಧಿಕ್ಕರಿಸುವಂತಿಲ್ಲ ಎನ್ನಲು ಹೋಗಿ 'ಫ್ಲಾಂಟ್' ಅಂದುಬಿಟ್ಟರು. ಮೆರಿಯಂ-ವೆಬ್‌ಸ್ಟರ್ ನಿಘಂಟು ಈ ಅರ್ಥವನ್ನೂ ದಾಖಲಿಸಿದೆ. ಆದರೂ ಬರೆಯುವಾಗ ಬಳಸಿದರೆ ಬಹಳ ಜನ ತಪ್ಪೆಂದೇ ಓದುತ್ತಾರೆ ಎಂಬ ಎಚ್ಚರಿಕೆಯೊಂದಿಗೆ.

ನನಗೆ ನಿಜವಾಗಿ ಚುಚ್ಚಿದ್ದು ಇದಲ್ಲ. ಫ್ಲೌಟ್ ಅಂದರೆ ಬರೀ ಮುರಿಯುವುದಲ್ಲ, ಲೆಕ್ಕಕ್ಕಿಲ್ಲವೆಂಬಂತೆ ಮುರಿಯುವುದು. ನಮ್ಮಲ್ಲಿ 'ನಿಯಮವನ್ನು ಗಾಳಿಗೆ ತೂರಿದ' ಅಂತೀವಲ್ಲ, ಹಾಗೆ. ಕಣದಲ್ಲಿ ತೂರಿದಾಗ ಹಾರಿಹೋಗುವುದು ಜೊಳ್ಳು. ಅಂದರೆ ಅವನು ನಿಯಮವನ್ನೇ ಜೊಳ್ಳೆಂದುಕೊಂಡ ಅಂತಾಯ್ತು. ಆ ಹುಡುಗ ಹಾಗೆ ಅಂದುಕೊಂಡಿರಲಿಲ್ಲ. ಆ ರಾತ್ರಿ ನನಗೆ ಎರಡು ಸಲ ಫೋನ್ ಮಾಡಿದ್ದ, ನಾನು ಎತ್ತಿರಲಿಲ್ಲ.

ಫ್ಲಾಂಟ್ ತಪ್ಪು ಸರಿ, ಫ್ಲೌಟ್ ಕೂಡ ತಪ್ಪೇ. ಆ ಮೇಲ್ ಅವನ ಅಪ್ರೈಸಲ್ಲಿಗೆ ಸೇರುವುದರಲ್ಲಿತ್ತು. ಮರುದಿನ ಇನ್ನೊಂದು ಬರೆದೆ: ಅವನು ರೂಲ್ 'ಬ್ರೇಕ್' ಮಾಡಿದ, ಕಾರಣ ಹೀಗಿತ್ತು, ಫೋನ್ ಎತ್ತದ ತಪ್ಪು ನನ್ನದು. ಇಂಗ್ಲೀಷಿನ ಮಟ್ಟಿಗೆ ಸಾದಾ ಪದ. ಆದರೆ ಸರಿಯಾದದ್ದು ಅದೇ.